ಎಣ್ಣಿ ಜೊತೆ ಹಾಕುವ ಗಮ್: ಕಲಬುರಗಿಯ ರೈತರು ಪದೇ ಪದೇ ಕೇಳುವ ಪ್ರಶ್ನೆಗಳು

ತೊಗರಿ ಹೂವಿಗೆ ಬಂತು ಅಂದರೆ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. ಸೇಡಂನಿಂದ, ಜೇವರ್ಗಿಯಿಂದ, ಆಳಂದದಿಂದ ಒಂದೇ ಪ್ರಶ್ನೆ: ‘ಎಣ್ಣಿ ಹೊಡೀಲಾಕ ಹೊಂಟೀನಿ, ಗಮ್ ಹಾಕಬೇಕೇನ್ರಿ?’ ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಅಂತಲೇ ಹೆಸರು. ನಾನು ಚಿತ್ತಾಪುರ ತಾಲ್ಲೂಕಿನವನು. ತೊಗರಿ, ಹೆಸರು, ಕಡಲೆ ಬೆಳೆಯುವ ಮನೆ. ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕೈಯಲ್ಲಿರುವ ಡಬ್ಬಿಯ ಲೇಬಲ್ ಒಂದು ಹೇಳಿ, ನಾನು ಇನ್ನೊಂದು ಹೇಳಿದರೆ, ಲೇಬಲ್ ಮಾತನ್ನೇ ಕೇಳಿ.

ಗಮ್ ಅಂದರೆ ಏನು? ಅದರಿಂದ ಹುಳ ಸಾಯುತ್ತದಾ?

ಹುಳ ಸಾಯಿಸುವುದು ಎಣ್ಣಿಯ ಕೆಲಸ. ಆ ಎಣ್ಣಿ ಎಲೆ ಮೇಲೆ ಹರಡುವಂತೆ, ಅಂಟಿಕೊಳ್ಳುವಂತೆ, ಒಳಗೆ ಇಳಿಯುವಂತೆ ನೋಡಿಕೊಳ್ಳುವುದು ಗಮ್ ಕೆಲಸ.

ತಾವರೆ ಎಲೆ ಮೇಲೆ ನೀರು ಹೇಗೆ ಮುತ್ತಿನಂತೆ ಉರುಳುತ್ತದೆ, ನೋಡಿದ್ದೀರಿ ಅಲ್ವಾ? ನೀರಿನ ಹನಿ ತನ್ನನ್ನು ತಾನೇ ಒಳಕ್ಕೆ ಎಳೆದುಕೊಂಡು ಗುಂಡಗೆ ನಿಲ್ಲುತ್ತದೆ. ಇದಕ್ಕೆ ಮೇಲ್ಮೈ ಎಳೆತ ಅನ್ನುತ್ತಾರೆ. ವಿಜ್ಞಾನದ ಅಳತೆಯಲ್ಲಿ ಬರೀ ನೀರಿಗೆ ಇದು ಸುಮಾರು 72 ಇರುತ್ತದೆ. ಹನಿ ಹರಡಿಸುವ ಸಾಧಾರಣ ಗಮ್, ಅಂದರೆ ಸ್ಪ್ರೆಡರ್, ಬಿದ್ದರೆ 30ರ ಆಸುಪಾಸಿಗೆ ಇಳಿಯುತ್ತದೆ. ಅದಕ್ಕಿಂತ ಜೋರಾದ ಸಿಲಿಕಾನ್ ಗಮ್ ಆದರೆ 20-22ಕ್ಕೆ ಬರುತ್ತದೆ. ಎಳೆತ ಇಳಿದಷ್ಟೂ ಹನಿ ಚಪ್ಪಟೆಯಾಗಿ ಹರಡುತ್ತದೆ. ಒಂದು ಹನಿ ಮುಟ್ಟುತ್ತಿದ್ದ ಜಾಗಕ್ಕಿಂತ ಎಷ್ಟೋ ಪಾಲು ಹೆಚ್ಚು ಎಲೆ ಒದ್ದೆಯಾಗುತ್ತದೆ.

ಅಂಗಡಿಯಲ್ಲಿ ಎಲ್ಲದಕ್ಕೂ ಗಮ್ ಅನ್ನುತ್ತಾರೆ. ಎಲ್ಲವೂ ಒಂದೇನಾ?

ಒಂದೇ ಅಲ್ಲ. ಇಲ್ಲೇ ದುಡ್ಡು ಹೋಗುವುದು. ಹರಡಿಸುವುದು ಸ್ಪ್ರೆಡರ್. ಮಳೆಗೆ, ಗಾಳಿಗೆ ಉದುರದಂತೆ ಹಿಡಿದಿಡುವುದು ಸ್ಟಿಕ್ಕರ್, ಅದು ನಿಜವಾದ ಅಂಟು. ಎಲೆಯ ಮೇಣದ ಪದರ ದಾಟಿಸಿ ಔಷಧಿಯನ್ನು ಒಳಗೆ ಇಳಿಸುವ ಎಣ್ಣೆಯಂಥ ದ್ರಾವಣಗಳು ಬೇರೆ. ಅವು ಹೆಚ್ಚಾಗಿ ಕಳೆನಾಶಕಕ್ಕೆ ಬೇಕಾಗುತ್ತವೆ. ನೀರಿನ ಗಡಸುತನ ಅಥವಾ ಸವಳು ಸರಿಮಾಡುವ ಪುಡಿ, ದ್ರಾವಣ ಇನ್ನೊಂದು ಬಗೆ. ನೊರೆ ತಡೆಯುವವು, ಹನಿ ಗಾಳಿಗೆ ಹಾರದಂತೆ ತಡೆಯುವವು ಕೂಡ ಇವೆ.

ಹಾಗಾಗಿ ಅಂಗಡಿಯಲ್ಲಿ ‘ಒಂದು ಗಮ್ ಕೊಡಿ’ ಅನ್ನಬೇಡಿ. ಯಾವ ಬೆಳೆ, ಯಾವ ಔಷಧಿ, ಎಂಥ ನೀರು, ಏನು ತೊಂದರೆ ಅಂತ ಹೇಳಿ ಕೇಳಿ.

ಎಲ್ಲ ಬೆಳೆಗೂ ಬೇಕೇ ಬೇಕಾ?

ಬೇಕಿಲ್ಲ. ಒಂದು ಸುಲಭದ ಪರೀಕ್ಷೆ ಇದೆ. ಬೆನ್ನಿಗೆ ಹಾಕಿಕೊಳ್ಳುವ ಪಂಪಿಗೆ ಔಷಧಿ ಹಾಕುವ ಮೊದಲು ಬರೀ ನೀರನ್ನು ನಾಲ್ಕು ಗಿಡಕ್ಕೆ ಹೊಡೆದು ನೋಡಿ. ಹನಿ ಉರುಳಿ ಬಿದ್ದರೆ ಸ್ಪ್ರೆಡರ್ ಬೇಕು. ಎಲೆ ತಾನೇ ಒದ್ದೆಯಾದರೆ ಅಷ್ಟು ಅವಸರವಿಲ್ಲ.

ಶಹಾಪುರ, ಸುರಪುರ ಕಡೆ ಕಾಲುವೆ ನೀರಿನ ಭತ್ತಕ್ಕೆ ಸ್ಪ್ರೆಡರ್ ಚೆನ್ನಾಗಿ ಕೆಲಸ ಮಾಡುತ್ತದೆ. ಭತ್ತದ ಎಲೆ ನೆಟ್ಟಗೆ ನಿಂತಿರುತ್ತದೆ, ಮೇಲೆ ಮೇಣ ಇರುತ್ತದೆ, ಹನಿ ನಿಲ್ಲುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಎಲೆಕೋಸು ಕೂಡ ಹಾಗೇ. ತೊಗರಿ ಎಲೆಯದು ಬೇರೆ ಕಥೆ. ಅದರ ಮೇಲೆ ಸಣ್ಣ ರೋಮ ಇರುತ್ತದೆ. ಹನಿ ರೋಮದ ತುದಿಯಲ್ಲೇ ಕೂತು ಎಲೆಯನ್ನು ಮುಟ್ಟುವುದೇ ಇಲ್ಲ. ಸ್ವಲ್ಪ ಸ್ಪ್ರೆಡರ್ ಇದ್ದರೆ ಕೆಳಗೆ ಇಳಿಯುತ್ತದೆ.

ಕಡಲೆಗೆ ಮಾತ್ರ ಒಂದು ಎಚ್ಚರ. ಕಡಲೆ ಗಿಡ ರಾತ್ರಿ ಹುಳಿ ಬಿಡುತ್ತದೆ. ನಸುಕಿನಲ್ಲಿ ಬಟ್ಟೆ ಹಾಸಿ ಆ ಹುಳಿ ಹಿಡಿದಿಡುತ್ತಿದ್ದ ಹಿರಿಯರು ನಮ್ಮ ಊರುಗಳಲ್ಲಿ ಇದ್ದರು. ಇಬ್ಬನಿ ಇರುವಾಗಲೇ ಸ್ಪ್ರೆಡರ್ ಹಾಕಿ ಹೊಡೆದರೆ ಇಬ್ಬನಿ, ಔಷಧಿ ಎರಡೂ ಸೇರಿ ನೆಲಕ್ಕೆ ಇಳಿದುಹೋಗುತ್ತವೆ. ಇಬ್ಬನಿ ಆರಲಿ, ಆಮೇಲೆ ಹೊಡೆಯಿರಿ.

ಔಷಧಿಯಲ್ಲೇ ಗಮ್ ಇರುತ್ತದೆ ಅನ್ನುತ್ತಾರೆ, ನಿಜಾನಾ?

ಅರ್ಧ ನಿಜ. ಡಬ್ಬಿಯ ಹೆಸರಿನ ಮುಂದೆ ‘ಇಸಿ’ ಅಂತ ಇದ್ದರೆ ಅದರಲ್ಲಿ ಎಣ್ಣೆಯನ್ನು ನೀರಿನಲ್ಲಿ ಬೆರೆಸುವ ವಸ್ತು ಮೊದಲೇ ಸೇರಿರುತ್ತದೆ. ನೀರಿಗೆ ಹಾಕಿದ ಕೂಡಲೇ ಹಾಲಿನಂತೆ ಬಿಳುಪಾಗುವುದು ಅದರಿಂದಲೇ. ಇಂಥದಕ್ಕೆ ಮತ್ತೆ ಜೋರಾದ ಸಿಲಿಕಾನ್ ಗಮ್ ಸುರಿದರೆ ಎಲೆ ಸುಡುವ ಭಯ ಇರುತ್ತದೆ. ಪುಡಿ, ಹರಳು ರೂಪದ ಔಷಧಿಗೆ, ನೀರಿನಂತೆ ಕರಗುವ ಔಷಧಿಗೆ ಗಮ್ ಸಹಾಯ ಜಾಸ್ತಿ. ಸೋಯಾಬೀನ್‌ಗೆ ಹೊಡೆಯುವ ಕೆಲವು ಕಳೆನಾಶಕಗಳ ಪೆಟ್ಟಿಗೆಯೊಳಗೇ ಜೊತೆಗೆ ಹಾಕುವ ದ್ರಾವಣ ಇಟ್ಟಿರುತ್ತಾರೆ. ಬೀದರ್ ಕಡೆಯವರಿಗೆ ಇದು ಗೊತ್ತಿರುತ್ತದೆ. ಅದನ್ನು ಬಿಟ್ಟು ಹೊಡೆದರೆ ಕಳೆ ಅರ್ಧ ಒಣಗಿ ಮತ್ತೆ ಚಿಗುರುತ್ತದೆ. ಅದನ್ನು ಹಾಕಿದ ಮೇಲೆ ಬೇರೆ ಗಮ್ ಕೊಳ್ಳುವುದೂ ಬೇಕಿಲ್ಲ.

ನಮ್ಮ ಬೋರಿನ ನೀರು ಗಡಸು. ಔಷಧಿ ಕೆಲಸ ಮಾಡುವುದಿಲ್ಲ ಅನ್ನುತ್ತಾರೆ. ಏನು ಮಾಡೋಣ?

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದೇ. ಗಮ್ ಬಗ್ಗೆ ನೂರು ಸಲ ಕೇಳುತ್ತೇವೆ, ನೀರಿನ ಬಗ್ಗೆ ಒಂದು ಸಲವೂ ಕೇಳುವುದಿಲ್ಲ.

ಸೇಡಂ, ಚಿತ್ತಾಪುರ, ಶಹಾಬಾದ್ ಸುತ್ತ ನೆಲದಡಿ ಸುಣ್ಣಕಲ್ಲು. ಮನೆಗೆ ಹಾಸುವ ಶಹಾಬಾದ್ ಕಲ್ಲು ಅದೇ, ಸಿಮೆಂಟ್ ಕಾರ್ಖಾನೆಗಳು ಇಲ್ಲಿ ಬಂದದ್ದೂ ಅದಕ್ಕೇ. ಆ ಕಲ್ಲಿನ ಸಂದಿಯಿಂದ ಬರುವ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇದ್ದೇ ಇರುತ್ತವೆ. ಪ್ರಯೋಗಾಲಯ ಬೇಡ, ಅಡುಗೆಮನೆಯಲ್ಲಿ ಕೇಳಿ. ‘ಈ ನೀರಿನಲ್ಲಿ ಬೇಳೆ ಬೇಯುವುದಿಲ್ಲ’ ಅಂದರೆ ನೀರು ಗಡಸು. ಸೋಪು ನೊರೆ ಬರದಿದ್ದರೆ, ಹಂಡೆಯ ಒಳಗೆ ಬಿಳಿ ಪದರ ಕಟ್ಟಿದರೆ ಅದೂ ಗಡಸು ನೀರೇ.

ಗಡಸು ನೀರಿನಿಂದ ಹೆಚ್ಚು ಪೆಟ್ಟು ತಿನ್ನುವುದು ಕೆಲವು ಕಳೆನಾಶಕಗಳು. ಗ್ಲೈಫೋಸೇಟ್, 2,4-ಡಿ ಅಮೈನ್ ಅಂಥವು. ನೀರಿನ ಕ್ಯಾಲ್ಸಿಯಂ ಗ್ಲೈಫೋಸೇಟ್ ಅನ್ನು ಹಿಡಿದುಕೊಂಡು ಬಿಡುತ್ತದೆ. ಹಿಡಿದ ಔಷಧಿ ಎಲೆಯೊಳಗೆ ಸರಿಯಾಗಿ ಇಳಿಯುವುದಿಲ್ಲ. ಇದಕ್ಕೆ ಹಳೆಯ ಮದ್ದು ಅಮೋನಿಯಂ ಸಲ್ಫೇಟ್. ಲೀಟರಿಗೆ 10ರಿಂದ 20 ಗ್ರಾಂ, ಅಂದರೆ 16 ಲೀಟರ್ ಪಂಪಿಗೆ 160ರಿಂದ 320 ಗ್ರಾಂ. ಬೇರೆ ಬಕೆಟ್‌ನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಟ್ಯಾಂಕಿಗೆ ಮೊದಲು ಅದನ್ನು ಹಾಕಬೇಕು. ಕಳೆನಾಶಕ ಆಮೇಲೆ. ಸಲ್ಫೇಟ್ ಹೋಗಿ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ, ಔಷಧಿ ಬಿಡುಗಡೆಯಾಗುತ್ತದೆ. ಹಿಂದುಮುಂದಾದರೆ ಅಷ್ಟು ಲಾಭವಿಲ್ಲ. ಹಾಗೆಯೇ, ಗ್ಲೈಫೋಸೇಟ್ ಅನ್ನು ಪರವಾನಗಿ ಇರುವ ಕೀಟ ನಿಯಂತ್ರಣ ಸಿಬ್ಬಂದಿ ಮೂಲಕವೇ ಬಳಸಬೇಕು ಅಂತ ಕೇಂದ್ರ ಸರ್ಕಾರ 2022ರಲ್ಲಿ ಆದೇಶ ಹೊರಡಿಸಿದೆ. ಇದು ನೆನಪಿರಲಿ.

ಗಡಸು ಬೇರೆ, ಸವಳು ಬೇರೆ. ಸವಳು ಅಂದರೆ ಕ್ಷಾರ, ಹುಳಿಗೆ ವಿರುದ್ಧ. ಹುಳಿ, ಸವಳಿನ ಅಳತೆಯೇ ಪಿಎಚ್. ಅದು 8 ದಾಟಿದ ನೀರಿನಲ್ಲಿ ಕೆಲವು ಕೀಟನಾಶಕಗಳು ಟ್ಯಾಂಕಿನಲ್ಲೇ ಒಡೆದುಹೋಗುತ್ತವೆ. ರಂಜಕ ಗುಂಪಿನವು, ಅಂದರೆ ಪ್ರೊಫೆನೊಫಾಸ್, ಮೆಲಾಥಿಯಾನ್ ಇಂಥವು ಸವಳು ನೀರಿನಲ್ಲಿ ಹೆಚ್ಚು ಹೊತ್ತು ಬಾಳುವುದಿಲ್ಲ. ಬೆಳಿಗ್ಗೆ ಬೆರೆಸಿ ಊಟ ಮಾಡಿ ಬಂದು ಮಧ್ಯಾಹ್ನ ಹೊಡೆಯುವ ರೂಢಿ ನಮ್ಮಲ್ಲಿದೆ. ಅಷ್ಟರಲ್ಲಿ ಶಕ್ತಿ ಕುಂದಿರುತ್ತದೆ. ಪಿಎಚ್ ಕಾಗದ ಒಂದು ಕಟ್ಟು ತಂದಿಟ್ಟುಕೊಳ್ಳಿ, ವರ್ಷಗಟ್ಟಲೆ ಬರುತ್ತದೆ. ನೀರು ಸವಳಿದ್ದರೆ ಸಿಟ್ರಿಕ್ ಆಮ್ಲ ಚೂರು ಚೂರೇ ಹಾಕಿ 6ರ ಆಸುಪಾಸಿಗೆ ತರಬಹುದು. ಆದರೆ ತಾಮ್ರದ ಶಿಲೀಂಧ್ರನಾಶಕಕ್ಕೆ ಹುಳಿ ನೀರು ಬೇಡ. ತಾಮ್ರ ಹೆಚ್ಚು ಕರಗಿ ಎಲೆ ಸುಡುತ್ತದೆ. ಮೆಟ್‌ಸಲ್ಫ್ಯೂರಾನ್ ಗುಂಪಿನ ಕಳೆನಾಶಕಕ್ಕೂ ಹುಳಿ ಒಳ್ಳೆಯದಲ್ಲ.

ಇನ್ನು ಹಳ್ಳದ ಕೆಂಪು, ಕಪ್ಪು ರಾಡಿ ನೀರು. ನಮ್ಮ ಎರೆ ಮಣ್ಣಿನ ಕಣ ಬಹಳ ನುಣುಪು, ಬೇಗ ತಳಕ್ಕೆ ಕೂರುವುದಿಲ್ಲ. ಪ್ಯಾರಾಕ್ವಾಟ್, ಗ್ಲೈಫೋಸೇಟ್ ಎರಡೂ ಆ ಕಣಕ್ಕೆ ಅಂಟಿಕೊಂಡು ಸತ್ತುಹೋಗುತ್ತವೆ. ಇದಕ್ಕೆ ಯಾವ ಗಮ್ಮೂ ಪರಿಹಾರವಲ್ಲ. ಡ್ರಮ್ಮಿನಲ್ಲಿ ರಾತ್ರಿ ತಿಳಿಯಾಗಲು ಬಿಟ್ಟು ಮೇಲಿನ ನೀರು ತೆಗೆದುಕೊಳ್ಳಿ. ಚಾವಣಿಯ ಮಳೆ ನೀರು ಹಿಡಿದಿಟ್ಟರಂತೂ ಅದಕ್ಕಿಂತ ಒಳ್ಳೆಯ ನೀರಿಲ್ಲ.

ಪಂಪಿಗೆ ಎಷ್ಟು ಹಾಕಬೇಕು?

ಔಷಧಿಯ ಲೆಕ್ಕ ಎಕರೆಗೆ. ಗಮ್ ಲೆಕ್ಕ ಲೀಟರಿಗೆ. ಇದು ತಲೆಯಲ್ಲಿ ಕೂತರೆ ಅರ್ಧ ಗೊಂದಲ ಹೋಗುತ್ತದೆ.

ತೊಗರಿ ಕಾಯಿಕೊರಕ ಹುಳಕ್ಕೆ ಹೊಡೆಯುವ ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ (ನುಣ್ಣನೆ ಪುಡಿ ತೇಲುವ ದ್ರವ) ಉದಾಹರಣೆಗೆ ತೆಗೆದುಕೊಳ್ಳಿ. ಎಕರೆಗೆ 60 ಮಿಲಿ. 200 ಲೀಟರ್ ನೀರಿಗೆ ಬೆರೆಸಿದರೆ 16 ಲೀಟರಿನ ಹನ್ನೆರಡು ಪಂಪು ಚಿಲ್ಲರೆ ಆಗುತ್ತದೆ, ಪಂಪಿಗೆ ಸುಮಾರು 5 ಮಿಲಿ ಬೀಳುತ್ತದೆ. ಗಮ್ ಲೇಬಲ್‌ನಲ್ಲಿ ಲೀಟರಿಗೆ ಅರ್ಧ ಮಿಲಿ ಅಂತ ಇದ್ದರೆ ಪಂಪಿಗೆ 8 ಮಿಲಿ. ನೀವು ನೀರು ಕಡಿಮೆ ಮಾಡಿ ಎಂಟೇ ಪಂಪು ಹೊಡೆದರೂ ಎಕರೆಗೆ ಔಷಧಿ ಅಷ್ಟೇ ಹೋಗಬೇಕು. ಗಮ್ ಮಾತ್ರ ಪಂಪಿಗೆ ಅದೇ 8 ಮಿಲಿ, ಒಟ್ಟು ಕಡಿಮೆಯಾಗುತ್ತದೆ. ಮುಚ್ಚಳದ ಅಂದಾಜು ಬೇಡ. ಮಕ್ಕಳಿಗೆ ಔಷಧಿ ಹಾಕುವ ಸಿರಿಂಜ್ ಒಂದು ತಂದು ಹೊಲಕ್ಕೇ ಅಂತ ಬೇರೆ ಇಡಿ. ಅದು ಮತ್ತೆ ಮನೆಯೊಳಗೆ ಬರಕೂಡದು.

ಜಾಸ್ತಿ ಹಾಕಿದರೆ ಜಾಸ್ತಿ ಕೆಲಸ ಮಾಡುತ್ತದಾ?

ಮಾಡುವುದಿಲ್ಲ. ಒಂದು ಹಂತದ ಮೇಲೆ ಎಷ್ಟು ಸುರಿದರೂ ನೀರಿನ ಎಳೆತ ಇನ್ನು ಇಳಿಯುವುದಿಲ್ಲ. ಹನಿ ಬರೀ ತೆಳ್ಳಗಾಗಿ ಎಲೆಯಿಂದ ಜಾರಿ ನೆಲಕ್ಕೆ ಬೀಳುತ್ತದೆ. ಹರಡಲಿ ಅಂತ ಹಾಕಿದ್ದೇ ತೊಳೆದು ಬಿಟ್ಟಂತಾಗುತ್ತದೆ.

ನಾನು ಇದನ್ನು ನನ್ನ ಹೊಲದಲ್ಲೇ ಕಂಡಿದ್ದೇನೆ. ಒಂದು ವರ್ಷ ಹುಳ ಬಹಳ ಇತ್ತು. ಅಂಗಡಿಯಲ್ಲಿ ‘ಡಬಲ್ ಹಾಕಿ, ನೋಡಿ ಹೇಗೆ ಉದುರುತ್ತವೆ’ ಅಂದರು. ಇಸಿ ಔಷಧಿ, ಅದಕ್ಕೆ ಎರಡು ಪಟ್ಟು ಸಿಲಿಕಾನ್ ಗಮ್. ಹೊಡೆದದ್ದು ಬೆಳಿಗ್ಗೆ ಹನ್ನೊಂದರ ಮೇಲೆ, ಒಳ್ಳೆ ಬಿಸಿಲಿನಲ್ಲಿ. ಎರಡು ದಿನಕ್ಕೆ ಕುಡಿಗಳ ತುದಿ ಕಂದಿದವು. ಬದುವಿನ ಪಕ್ಕದ ಅರ್ಧ ಎಕರೆಯಲ್ಲಿ ಹೂವು ಉದುರಿ ಸಾಲಿನ ನಡುವೆ ಹಳದಿ ಹಾಸಿದಂತೆ ಬಿದ್ದಿತ್ತು. ಅಪ್ಪ ಏನೂ ಬೈಯಲಿಲ್ಲ. ಬಗ್ಗಿ ಒಂದು ಹಿಡಿ ಹೂವು ಎತ್ತಿ ನನ್ನ ಕೈಗೆ ಹಾಕಿ ಹೋದರು. ಇವತ್ತಿಗೂ ಹೊಸ ಗಮ್ ಬಂದರೆ ನಾನು ಮೊದಲು ಹತ್ತು ಗಿಡಕ್ಕೆ ಹೊಡೆದು ಎರಡು ದಿನ ಕಾಯುತ್ತೇನೆ.

ಶಾಂಪೂ ಪೊಟ್ಟಣ ಹಾಕಿದರೆ ಆಗುವುದಿಲ್ವಾ? ಸೋಪು ಪುಡಿ?

ಶಾಂಪೂ ಹಾಕುವವರು ಪ್ರತಿ ಊರಲ್ಲೂ ಇದ್ದಾರೆ. ಅದರಲ್ಲೂ ನೀರಿನ ಎಳೆತ ಇಳಿಸುವ ವಸ್ತು ಇರುವುದರಿಂದ ಹನಿ ಹರಡುವುದು ನಿಜ. ಆದರೆ ಅದು ತಲೆಗೂದಲಿಗೆ ಮಾಡಿದ್ದು. ನೊರೆ ವಿಪರೀತ. ಪಂಪು ಗಾಳಿ ಹಿಡಿಯುತ್ತದೆ, ಒಂದು ಗಿಡಕ್ಕೆ ಔಷಧಿ, ಇನ್ನೊಂದಕ್ಕೆ ನೊರೆ. ಯಾವ ಔಷಧಿ ಜೊತೆ ಹೊಂದುತ್ತದೆ ಅಂತ ಯಾರೂ ಪರೀಕ್ಷೆ ಮಾಡಿ ಬರೆದಿಟ್ಟಿಲ್ಲ.

ಬಟ್ಟೆ ಸೋಪಿನ ಪುಡಿ ಸವಳು. ಮೇಲೆ ಹೇಳಿದಂತೆ ಕೆಲವು ಔಷಧಿಯನ್ನು ಅದೇ ಒಡೆಯುತ್ತದೆ. ಬಾರ್ ಸೋಪು ಗಡಸು ನೀರಿನಲ್ಲಿ ಮೊಸರಿನಂತೆ ಒಡೆದು ನಾಝಲ್ ಕಟ್ಟುತ್ತದೆ. ದುಡ್ಡಿಲ್ಲ ಅಂದರೆ ಗಮ್ ಬಿಟ್ಟೇ ಹೊಡೆಯಿರಿ. ಆ ದುಡ್ಡಿನಲ್ಲಿ ಸವೆದ ನಾಝಲ್ ಬದಲಿಸಿ. ಅದರಿಂದ ಸಿಗುವ ಲಾಭ ಎಷ್ಟೋ ಸಲ ಗಮ್‌ಗಿಂತ ದೊಡ್ಡದು.

ಬೇವಿನ ಕಷಾಯಕ್ಕೆ ಸೋಪು ಹಾಕಿ ಅಂತ ಕೃಷಿ ಇಲಾಖೆಯವರೇ ಹೇಳುತ್ತಾರಲ್ಲ?

ಹೌದು, ಅಲ್ಲಿ ಸೋಪಿಗೆ ಕೆಲಸ ಇದೆ. ಬೇವಿನ ಬೀಜದಲ್ಲಿ ಎಣ್ಣೆ ಇದೆ. ಎಣ್ಣೆ ನೀರಿಗೆ ಬೆರೆಯಬೇಕಾದರೆ ಸೋಪು ಬೇಕು. ಶೇಕಡಾ 5ರ ಕಷಾಯಕ್ಕೆ ಒಣಗಿದ ಬೇವಿನ ಬೀಜದ ತಿರುಳು 5 ಕಿಲೋ ಪುಡಿ ಮಾಡಿ, ರಾತ್ರಿ 10 ಲೀಟರ್ ನೀರಿನಲ್ಲಿ ನೆನೆಸಿ. ಬೆಳಿಗ್ಗೆ ಬಟ್ಟೆಯಲ್ಲಿ ಹಿಂಡಿ ಸೋಸಿ, 100 ಲೀಟರ್ ಮಾಡಿ, 200 ಗ್ರಾಂ ಸೋಪು ಕರಗಿಸಿ ಬೆರೆಸಿ. ಅವತ್ತೇ ಹೊಡೆದು ಮುಗಿಸಿ.

ಕಾಯಿಕೊರಕಕ್ಕೆ ಎನ್‌ಪಿವಿ ನಂಜಾಣು, ಅಂದರೆ ಹುಳಕ್ಕೆ ರೋಗ ತರುವ ವೈರಸ್, ಹೊಡೆಯುವವರಿಗೆ ಇನ್ನೊಂದು ಹಳೆಯ ವಿದ್ಯೆ ಇದೆ, ನನಗೆ ಬಹಳ ಇಷ್ಟವಾದದ್ದು. ಲೀಟರಿಗೆ 5 ಗ್ರಾಂ ಬೆಲ್ಲ, 1 ಗ್ರಾಂ ಬಟ್ಟೆಗೆ ಹಾಕುವ ನೀಲಿ. ನಂಜಾಣು ಹುಳದ ಹೊಟ್ಟೆಗೆ ಹೋದರೆ ಮಾತ್ರ ಕೊಲ್ಲುತ್ತದೆ. ಬೆಲ್ಲ ಇದ್ದರೆ ಹುಳ ಚೆನ್ನಾಗಿ ತಿನ್ನುತ್ತದೆ, ದ್ರಾವಣವೂ ಅಂಟುತ್ತದೆ. ಬಿಸಿಲಿನ ಅತಿನೇರಳೆ ಕಿರಣಕ್ಕೆ ನಂಜಾಣು ಬೇಗ ಸಾಯುತ್ತದೆ, ನೀಲಿ ಅದಕ್ಕೆ ಕೊಡೆ ಹಿಡಿಯುತ್ತದೆ. ಸಂಜೆ ಹೊಡೆಯಬೇಕು. ಇಲ್ಲಿ ಅಂಗಡಿಯ ಗಮ್ ಯಾವುದೂ ಬೇಡ.

ಯಾವುದನ್ನು ಮೊದಲು ಹಾಕಬೇಕು?

ಅರ್ಧ ಟ್ಯಾಂಕ್ ನೀರು. ನೀರು ಸರಿಮಾಡುವ ವಸ್ತು ಇದ್ದರೆ ಅದು. ಆಮೇಲೆ ಪುಡಿ, ಹರಳು. ಅವು ಪೂರ್ತಿ ಕರಗಿದ ಮೇಲೆ ಎಸ್‌ಸಿ ದ್ರವ, ನಂತರ ಇಸಿ, ಆಮೇಲೆ ನೀರಿನಲ್ಲಿ ಕರಗುವ ದ್ರವ. ಗಮ್ ಕೊನೆಗೆ. ಮೊದಲೇ ಗಮ್ ಹಾಕಿದರೆ ನೊರೆಯಲ್ಲಿ ಪುಡಿ ಗಂಟು ಕಟ್ಟುತ್ತದೆ.

ಎರಡು ಮೂರು ವಸ್ತು ಬೆರೆಸುವವರು ಮೊದಲು ಒಂದು ಲೀಟರ್ ಗಾಜಿನ ಬಾಟಲಿಯಲ್ಲಿ ಅದೇ ನೀರು, ಅದೇ ಅಳತೆ ಬೆರೆಸಿ ಅರ್ಧ ಗಂಟೆ ಬಿಡಿ. ಗಸಿ ಕೂತರೆ, ಒಡೆದರೆ, ಬಾಟಲಿ ಬಿಸಿಯಾದರೆ ಟ್ಯಾಂಕಿಗೆ ಹಾಕಬೇಡಿ. ತೊಗರಿಗೆ ಹೂವಿನ ಹಂತದಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಪಲ್ಸ್ ಮ್ಯಾಜಿಕ್ ಎಂಬ ಪೋಷಕಾಂಶದ ಮಿಶ್ರಣ ಹೊಡೆಯುವವರು ಬಹಳ. ಅದಕ್ಕೇ ಕೀಟನಾಶಕ, ಗಮ್ ಎಲ್ಲ ಸೇರಿಸುವ ಮೊದಲು ಈ ಬಾಟಲಿ ಪರೀಕ್ಷೆ ಮಾಡಿ. ಸಿಲಿಕಾನ್ ಗಮ್ ಬೆರೆಸಿದ ನೀರನ್ನು ನಾಳೆಗೆ ಅಂತ ಇಡಬೇಡಿ. ನೀರು ಹುಳಿಯಾಗಲಿ ಸವಳಾಗಲಿ, ಅದು ಬೇಗ ಒಡೆಯುತ್ತದೆ.

ಹೊಡೆದ ಮೇಲೆ ಮಳೆ ಬಂದರೆ ಗಮ್ ಕಾಪಾಡುತ್ತದಾ?

ಸ್ಟಿಕ್ಕರ್ ಆದರೆ ಸ್ವಲ್ಪ. ಬರೀ ಸ್ಪ್ರೆಡರ್ ಆದರೆ ಇಲ್ಲ. ಎಲೆ ಮೇಲೆ ಒಣಗಲು ಸಮಯ ಸಿಕ್ಕಿದ್ದರೆ ಸ್ಟಿಕ್ಕರ್ ಹನಿ ಮಳೆ ತಡೆಯುತ್ತದೆ. ಹೊಡೆದ ಅರ್ಧ ಗಂಟೆಗೆ ದೊಡ್ಡ ಮಳೆ ಸುರಿದರೆ ಯಾವ ಅಂಟೂ ನಿಲ್ಲುವುದಿಲ್ಲ. ಮೋಡ ನೋಡಿ ಹೊರಡಿ.

ಗಮ್ ಹಾಕಿದರೆ ಔಷಧಿ ಕಡಿಮೆ ಮಾಡಬಹುದಾ?

ಹಾಗೆ ಹೇಳಿ ಮಾರುವವರಿದ್ದಾರೆ. ಲೇಬಲ್ ಅಳತೆಗಿಂತ ಇಳಿಸಬೇಡಿ. ಅರೆ ಅಳತೆಗೆ ಸಾಯದೆ ಉಳಿದ ಹುಳದ ಮರಿಗಳು ಮುಂದೆ ಪೂರ್ತಿ ಅಳತೆಗೂ ಬಗ್ಗುವುದಿಲ್ಲ. ಕಾಯಿಕೊರಕ ಈಗಾಗಲೇ ಎಷ್ಟೋ ಔಷಧಿಗೆ ಜಗ್ಗದ ಹುಳ. ಇನ್ನೊಂದು ವಿಷಯ, ಹುಳ ಕಾಯಿಯ ಒಳಗೆ ಹೊಕ್ಕ ಮೇಲೆ ಹೊಡೆದರೆ ಗಮ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಮೊಗ್ಗಿನ ಮೇಲೆ ಮೊಟ್ಟೆ, ಸಣ್ಣ ಮರಿ ಇರುವಾಗಲೇ ಹಿಡಿಯಬೇಕು.

ನೆಟೆ ರೋಗಕ್ಕೆ, ಗೊಡ್ಡು ರೋಗಕ್ಕೆ ಗಮ್ ಹಾಕಿ ಹೊಡೆದರೆ?

ನೆಟೆ ಮಣ್ಣಿನಿಂದ, ಬೇರಿನಿಂದ ಬರುತ್ತದೆ. ಎಲೆಗೆ ಏನು ಹೊಡೆದರೂ ಒಣಗಿದ ಗಿಡ ಎದ್ದು ಬರುವುದಿಲ್ಲ. ಗೊಡ್ಡು ರೋಗ ಹರಡುವುದು ಕಣ್ಣಿಗೆ ಕಾಣದ ನುಸಿಯಿಂದ. ರೋಗ ಬಂದ ಗಿಡವನ್ನು ಆರಂಭದಲ್ಲೇ ಕಿತ್ತುಹಾಕಿ. ಉಳಿದ ಗಿಡಗಳಿಗೆ ನುಸಿನಾಶಕ ಹೊಡೆಯುವಾಗ ಸ್ಪ್ರೆಡರ್ ಇದ್ದರೆ ಎಲೆಯ ಅಡಿಗೂ ತಲುಪುತ್ತದೆ.

ಡ್ರೋನ್‌ನಲ್ಲಿ ಹೊಡೆಸಿದರೆ?

ಡ್ರೋನ್ ಎಕರೆಗೆ 10 ಲೀಟರ್ ಆಸುಪಾಸಿನಲ್ಲಿ ಮುಗಿಸುತ್ತದೆ. ಹನಿ ಸಣ್ಣ, ಬಿಸಿಲಿಗೆ ಗಾಳಿಯಲ್ಲೇ ಆರುತ್ತದೆ, ಪಕ್ಕದ ಹೊಲಕ್ಕೂ ಹಾರುತ್ತದೆ. ಇಲ್ಲಿ ಹನಿ ಹಾರದಂತೆ ತಡೆಯುವ ದ್ರಾವಣಕ್ಕೆ ಅರ್ಥವಿದೆ. ನೀರು ಇಷ್ಟು ಕಡಿಮೆ ಇರುವಾಗ ಪಂಪಿನ ಲೆಕ್ಕದ ಗಮ್ ಹಾಕಬೇಡಿ, ಡ್ರೋನ್‌ಗೆ ಅಂತ ಲೇಬಲ್‌ನಲ್ಲಿ ಬರೆದದ್ದನ್ನೇ ನೋಡಿ. ಕಬ್ಬಿಗೆ 2,4-ಡಿ ಹೊಡೆಯುವಾಗ ಪಕ್ಕದಲ್ಲಿ ಹತ್ತಿ ಇದ್ದರೆ ಯಾವ ದ್ರಾವಣವನ್ನೂ ನಂಬಬೇಡಿ. ಹತ್ತಿ ಎಲೆ ಅದರ ಚೂರು ಗಾಳಿಗೂ ಮುರುಟುತ್ತದೆ.

ಜೇನಿಗೆ ತೊಂದರೆ ಇದೆಯಾ?

ಇದೆ. ಗಮ್ ವಿಷ ಅಲ್ಲ, ಏನೂ ಆಗುವುದಿಲ್ಲ ಅಂದುಕೊಂಡಿದ್ದೆವು. ಸಿಲಿಕಾನ್ ಗಮ್ ಜೇನಿನ ಕಲಿಯುವ ಶಕ್ತಿಯನ್ನು ಕೆಡಿಸುತ್ತದೆ ಅಂತ ಪ್ರಯೋಗಗಳಲ್ಲಿ ಕಂಡುಬಂದಿದೆ. ಹೂವಿನ ದಾರಿ, ಗೂಡಿನ ದಾರಿ ಮರೆತರೆ ಜೇನು ಬದುಕುವುದು ಹೇಗೆ? ತೊಗರಿ ಹೂವಿನ ಮೇಲೆ ಜೇನು ಓಡಾಡುವ ಹೊತ್ತು ಬಿಟ್ಟು ಸಂಜೆ ಹೊಡೆಯಿರಿ. ನನ್ನ ಸುಟ್ಟ ಹೂವಿನ ಕಥೆಗೂ ಸಂಜೆಯೇ ಮದ್ದಾಗಿತ್ತು.

ಗಮ್ ಕೊಳ್ಳುವಾಗ ಏನು ನೋಡಬೇಕು?

ಕೀಟನಾಶಕಕ್ಕೆ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಬೇಕು. ಡಬ್ಬಿ ಮೇಲೆ ಕೆಂಪು, ಹಳದಿ, ನೀಲಿ ಇಲ್ಲವೇ ಹಸಿರು ತ್ರಿಕೋನ ಇರುತ್ತದೆ. ಎಷ್ಟೋ ಗಮ್ ಡಬ್ಬಿಗಳ ಮೇಲೆ ಇದಾವುದೂ ಕಾಣುವುದಿಲ್ಲ. ಆದ್ದರಿಂದ ಒಳಗೆ ಏನಿದೆ, ಶೇಕಡಾ ಎಷ್ಟಿದೆ, ಲೀಟರಿಗೆ ಎಷ್ಟು, ಯಾವಾಗ ತಯಾರಾಗಿದ್ದು ಅಂತ ಬರೆದಿದೆಯಾ ನೋಡಿ. ಬರೀ ಹುಲಿ, ಸಿಂಹದ ಚಿತ್ರ ಇದ್ದು ಇದೇನೂ ಇಲ್ಲದಿದ್ದರೆ ಅಲ್ಲೇ ಬಿಡಿ. ರಸೀದಿ ತಪ್ಪದೆ ಪಡೆಯಿರಿ. ಅನುಮಾನ ಬಂದರೆ ಕಲಬುರಗಿಯ ಆಳಂದ ರಸ್ತೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ, ಇಲ್ಲವೇ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಡಬ್ಬಿ ಸಮೇತ ಹೋಗಿ ಕೇಳಿ.

ಹೊಡೆಯುವವರಿಗೆ ಏನಾದರೂ ಅಪಾಯ?

ಎಲೆಯೊಳಗೆ ಔಷಧಿ ಇಳಿಸುವ ವಸ್ತು ಚರ್ಮದೊಳಗೂ ಇಳಿಸಬಲ್ಲದು. ಗಮ್ ಇರುವ ನೀರು ಬಟ್ಟೆಯಲ್ಲೂ ಬೇಗ ಹರಡಿ ಮೈಗೆ ತಾಗುತ್ತದೆ. ಬೆನ್ನಿನ ಪಂಪು ಸೋರುತ್ತಿದ್ದರೆ ಗಮ್ ಇರುವ ದಿನ ಇನ್ನೂ ಕೆಟ್ಟದ್ದು. ರಬ್ಬರ್ ಕೈಗವಸು, ಮುಖಕ್ಕೆ ಮಾಸ್ಕ್, ಉದ್ದ ತೋಳಿನ ಅಂಗಿ ಬೇಕು. ಬೆನ್ನಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಳ್ಳಿ. ಕೂಲಿಗೆ ಬಂದ ಹುಡುಗನಿಗೂ ಇದೇ ಕೊಡಿ. ಅವನು ಬೇಡ ಅಂದರೂ ಕೊಡಿ.

ಗಮ್ ಹಾಕಿ ಹೊಡೆದ ಮೇಲೆ ಕಾಯಿ ಯಾವಾಗ ತಿನ್ನಬಹುದು?

ಇದನ್ನು ಯಾರೂ ಕೇಳುವುದಿಲ್ಲ, ಆದರೂ ಬರೆಯುತ್ತಿದ್ದೇನೆ. ಸ್ಟಿಕ್ಕರ್ ಔಷಧಿಯನ್ನು ಹೆಚ್ಚು ದಿನ ಹಿಡಿದಿಡುತ್ತದೆ. ಹುಳಕ್ಕೆ ಹೇಗೋ ನಮಗೂ ಹಾಗೇ. ಎಳ್ಳ ಅಮಾವಾಸ್ಯೆಗೆ ನಾವು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ, ಅಂದರೆ ಭೂಮಿತಾಯಿಗೆ ಎಡೆಯ ಅಡುಗೆಯನ್ನು ಹೊಲದಲ್ಲಿ ಎರಚುತ್ತೇವೆ. ಭಜ್ಜಿಗೆ ಹಸಿ ತೊಗರಿಕಾಯಿ, ಕಡಲೆ ಸೊಪ್ಪು ಅಲ್ಲೇ ಕಿತ್ತು ತಂದಿರುತ್ತೇವೆ. ಮಕ್ಕಳು ಸಾಲಿನಲ್ಲಿ ಓಡಾಡುತ್ತ ಹಸಿಯಾಗೇ ಸುಲಿದು ತಿನ್ನುತ್ತಾರೆ. ಲೇಬಲ್‌ನಲ್ಲಿ ಕೊನೆಯ ಸಿಂಪಡಣೆಗೂ ಕೊಯ್ಲಿಗೂ ನಡುವೆ ಎಷ್ಟು ದಿನ ಬಿಡಬೇಕು ಅಂತ ಬರೆದಿರುತ್ತದೆ. ಅಮಾವಾಸ್ಯೆ ಯಾವತ್ತು ಅಂತ ಕ್ಯಾಲೆಂಡರ್ ನೋಡಿ, ಅಷ್ಟು ದಿನ ಹಿಂದಕ್ಕೆ ಎಣಿಸಿ. ಅಷ್ಟರೊಳಗೆ ಹೊಡೆಯಲೇಬೇಕಾಗಿ ಬಂದರೆ ಊಟಕ್ಕೆ ಅಂತ ಎರಡು ಸಾಲು ಬಿಟ್ಟು ಹೊಡೆಯಿರಿ, ಗಾಳಿ ಬರುವ ಕಡೆಯ ಸಾಲು. ಅದರ ತಲೆಗೆ ಒಂದು ಬಟ್ಟೆ ತುಂಡು ಕಟ್ಟಿ, ಮಕ್ಕಳಿಗೆ ಆ ಸಾಲು ತೋರಿಸಿ.